ಪಿಟೋ ಕೊಳವೆ ಹೇಳಿದ್ದು 8.00, ಲೇಸರ್ ಹೇಳಿದ್ದು 8.64

ಒಂದೇ ಗಾಳಿ, ಒಂದೇ ಜಾಗ. ಪಿಟೋ ಕೊಳವೆ, ಅಂದರೆ ಗಾಳಿಗೆ ಎದುರಾಗಿ ಹಿಡಿದು ವೇಗ ಕಂಡುಕೊಳ್ಳುವ ಸಣ್ಣ ನಳಿಗೆ, ಸೆಕೆಂಡಿಗೆ 8.00 ಮೀಟರ್ ಅಂದಿತು. ಲೇಸರ್ 8.64 ಅಂದಿತು. ಶೇಕಡಾ 8ರಷ್ಟು ವ್ಯತ್ಯಾಸ. ಎರಡರಲ್ಲಿ ಒಂದು ಸುಳ್ಳು ಹೇಳುತ್ತಿದೆ ಅಂತ ಗೊತ್ತಾಯಿತು. ಯಾವುದು ಅಂತ ತಿಳಿಯೋಕೆ ಹನ್ನೊಂದು ದಿನ ಹಿಡಿಯಿತು. ಆ ಹನ್ನೊಂದು ದಿನವೂ ನಾನು ಬಿಚ್ಚಿ ಜೋಡಿಸಿದ್ದು ಲೇಸರನ್ನೇ.

ಮೊದಲು ಗಾಳಿ ಸುರಂಗದ, ಅಂದರೆ ಒಂದೇ ಸಮನೆ ಗಾಳಿ ಹರಿಸಿ ಪರೀಕ್ಷೆ ಮಾಡುವ ಪೆಟ್ಟಿಗೆಯ, ವಿಷಯ ಬೇಗ ಮುಗಿಸುತ್ತೇನೆ. ನಮ್ಮೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 14 ಅಡಿ ಅಗಲ, 9 ಅಡಿ ಎತ್ತರದ ವಿಂಡ್ ಟನಲ್ ಇದೆ. ನನ್ನದು ತಾರಸಿ ಮೇಲಿನ ಕೋಣೆಯಲ್ಲಿದೆ, ಒಳಗೆ 15 ಸೆಂ.ಮೀ. ಚೌಕ. ಬಾಯಿ 40 ಸೆಂ.ಮೀ. ಚೌಕ, ಪ್ಲೈವುಡ್‌ನದು. ಬಾಯಲ್ಲಿ ಜ್ಯೂಸ್ ಸ್ಟ್ರಾಗಳನ್ನು ಒತ್ತೊತ್ತಾಗಿ ಜೋಡಿಸಿದ್ದೇನೆ. ಅದರ ಹಿಂದೆ ಎರಡು ಪದರ ಸೊಳ್ಳೆ ಜಾಲರಿ. ಇವೆರಡೂ ಗಾಳಿಯ ಸುಳಿಗಳನ್ನು ಒಡೆದು ನೆಟ್ಟಗೆ ಮಾಡುತ್ತವೆ. ಕೊನೆಯಲ್ಲಿ 12 ಇಂಚಿನ ಎಕ್ಸಾಸ್ಟ್ ಫ್ಯಾನ್ ಗಾಳಿ ಎಳೆಯುತ್ತದೆ. ಪರೀಕ್ಷೆ ನಡೆಯುವ ಭಾಗಕ್ಕೆ ಎರಡೂ ಪಕ್ಕ ಫೋಟೋ ಫ್ರೇಮಿನ ಗಾಜು. ಮೊದಲು ಅಕ್ರಿಲಿಕ್ ಹಾಕಿದ್ದೆ. ಒರೆಸಿದಷ್ಟೂ ಗೀರು ಬಿತ್ತು, ಲೇಸರ್ ಬಿದ್ದಲ್ಲೆಲ್ಲ ಮಿನುಗಿತು. ತೆಗೆದು ಹಾಕಿದೆ.

ಇಷ್ಟಕ್ಕೆ ಲೇಸರ್ ಯಾಕೆ? ಅಮ್ಮನೂ ಅದನ್ನೇ ಕೇಳಿದರು. "ಗಾಳಿ ಅಳೆಯೋಕೆ ಇಷ್ಟೆಲ್ಲ ಬೇಕೇನೋ?" ಪಿಟೋ ಕೊಳವೆ ಸಾಕು, ನಿಜ. ಆದರೆ ಅದನ್ನು ಗಾಳಿಯೊಳಗೆ ಚುಚ್ಚಬೇಕು. ಚುಚ್ಚಿದ ತಕ್ಷಣ ಗಾಳಿ ಅದನ್ನು ಸುತ್ತಿಕೊಂಡು ಹೋಗುತ್ತದೆ. ಒಂದು ಪೈಪಿನ ಹಿಂದೆ ಗಾಳಿ ಹೇಗೆ ಸುಳಿಯುತ್ತದೆ ಅಂತ ನೋಡೋದು ನನ್ನ ಆಸೆ. ಅಲ್ಲಿಗೆ ಇನ್ನೊಂದು ಪೈಪ್ ತೂರಿಸಿದರೆ ಇಬ್ಬರ ಜಗಳ ಅಳೆದ ಹಾಗಾಗುತ್ತದೆ. ಬೆಳಕು ಹಾಗಲ್ಲ, ಸುಮ್ನೆ ಹಾದು ಹೋಗುತ್ತದೆ.

ಈ ಉಪಾಯ ಹಳೆಯದು. 1964ರಲ್ಲಿ ಅಮೆರಿಕದ ಕೊಲಂಬಿಯಾ ವಿಶ್ವವಿದ್ಯಾಲಯದ ಯೇ ಮತ್ತು ಕಮಿನ್ಸ್ ಹೀಲಿಯಂ-ನಿಯಾನ್ ಲೇಸರ್ ಹಿಡಿದು ಕೊಳವೆಯಲ್ಲಿ ಹರಿಯುವ ನೀರಿನ ವೇಗ ಅಳೆದರು. ನೀರಿನಲ್ಲಿದ್ದ ಪುಟ್ಟ ಕಣಗಳಿಂದ ಚದುರಿದ ಬೆಳಕಿನ ಆವರ್ತನ ಸ್ವಲ್ಪವೇ ಬದಲಾಗುತ್ತದೆ. ರೈಲು ಹತ್ತಿರ ಬರುವಾಗ ಸೀಟಿಯ ದನಿ ಏರುತ್ತದಲ್ವಾ, ಅದೇ ಡಾಪ್ಲರ್. ಕಷ್ಟ ಎಲ್ಲಿ ಅಂದರೆ, ಕೆಂಪು ಲೇಸರಿನ ಆವರ್ತನ ಸೆಕೆಂಡಿಗೆ 474 ಲಕ್ಷ ಕೋಟಿ. ನನ್ನ ಗಾಳಿ ಅದರಲ್ಲಿ ಮಾಡುವ ವ್ಯತ್ಯಾಸ ಸುಮಾರು 20 ಲಕ್ಷ. ನೇರವಾಗಿ ನೋಡೋಕೆ ಆಗೋದಿಲ್ಲ. ಅದಕ್ಕೆ ಒಂದೇ ಲೇಸರನ್ನು ಎರಡು ಕಿರಣ ಮಾಡಿ, ಒಂದು ಬಿಂದುವಿನಲ್ಲಿ ಅಡ್ಡಡ್ಡ ಹಾಯಿಸುತ್ತಾರೆ. ಅಲ್ಲಿ ಬೆಳಕು-ಕತ್ತಲೆ ಪಟ್ಟೆಗಳು ಮೂಡುತ್ತವೆ, ಸೀರೆಯ ಸಣ್ಣ ಗೀರುಗಳ ಹಾಗೆ. ಗಾಳಿಗೆ ಬೆರೆಸಿದ ಹೊಗೆಯ ಒಂದು ಕಣ ಆ ಪಟ್ಟೆಗಳನ್ನು ದಾಟುವಾಗ ಮಿಣಮಿಣ ಅನ್ನುತ್ತದೆ. ಸೆಕೆಂಡಿಗೆ ಎಷ್ಟು ಸಲ ಮಿನುಗಿತು ಅನ್ನೋದನ್ನು ಪಟ್ಟೆಯ ಅಂತರದಿಂದ ಗುಣಿಸಿದರೆ ವೇಗ. ಲೆಕ್ಕ ಅಷ್ಟೇ.

ಮೊದಲು ಹಸಿರು ಲೇಸರ್ ಪಾಯಿಂಟರ್ ತಂದೆ. ಪಟ್ಟೆಯೇ ಮೂಡಲಿಲ್ಲ. ಎರಡು ರಾತ್ರಿ ಕನ್ನಡಿ ತಿರುಗಿಸಿದ ಮೇಲೆ ಕಾರಣ ಹೊಳೆಯಿತು. ನನ್ನ ಜೋಡಣೆಯಲ್ಲಿ ಒಂದು ಕಿರಣ ಇನ್ನೊಂದಕ್ಕಿಂತ 30 ಮಿ.ಮೀ. ಜಾಸ್ತಿ ದೂರ ಬರುತ್ತದೆ. ಅಗ್ಗದ ಪಾಯಿಂಟರಿನ ಬೆಳಕು ಅಷ್ಟು ದೂರ ತಾಳ ಉಳಿಸಿಕೊಳ್ಳೋದಿಲ್ಲ. ಹೀಲಿಯಂ-ನಿಯಾನ್ ಟ್ಯೂಬ್ ಹತ್ತಿಪ್ಪತ್ತು ಸೆಂ.ಮೀ. ವ್ಯತ್ಯಾಸವನ್ನೂ ಸಹಿಸಿಕೊಳ್ಳುತ್ತದೆ. ಪರಿಚಯದ ಮೇಷ್ಟ್ರೊಬ್ಬರ ಲ್ಯಾಬಿನಲ್ಲಿ ಅಂಥದ್ದೊಂದು 5 ಮಿಲಿವ್ಯಾಟ್ ಟ್ಯೂಬ್ ಬೀರುವಿನ ಮೇಲೆ ಧೂಳು ಹಿಡಿದು ಕೂತಿತ್ತು. "ಮಿಣುಕುತ್ತೆ, ಬೇಕಾದ್ರೆ ತಗೊಂಡು ಹೋಗು" ಅಂದರು.

ಮಿಣುಕುತ್ತಿದ್ದದ್ದು ನಿಜ. ಹೊತ್ತಿಕೊಳ್ಳೋದು, ಆರೋದು, ಮತ್ತೆ ಹೊತ್ತಿಕೊಳ್ಳೋದು. ಟ್ಯೂಬ್ ಸತ್ತಿರಬಹುದು ಅಂದುಕೊಂಡೆ. ಸತ್ತಿರಲಿಲ್ಲ. ಟ್ಯೂಬಿಗೆ ಸರಣಿಯಲ್ಲಿ ಮೂರು 27 ಕಿಲೋ ಓಮ್ ಬ್ಯಾಲಸ್ಟ್ ರೆಸಿಸ್ಟರ್‌ಗಳಿದ್ದವು. ಅವು ಕರೆಂಟನ್ನು ಹಿಡಿತದಲ್ಲಿಡುತ್ತವೆ. ಒಂದರ ಮೈ ಸುಟ್ಟು ಕಂದಾಗಿ, ಸಣ್ಣ ಬಿರುಕು ಬಿಟ್ಟಿತ್ತು. ಮೀಟರ್ ಹಿಡಿದರೆ ಅಂಕಿ ನಿಲ್ಲದೆ ಏರುತ್ತಿತ್ತು. ಮೂರನ್ನೂ 3 ವ್ಯಾಟಿನವಕ್ಕೆ ಬದಲಿಸಿದೆ. ಎಸ್.ಪಿ. ರೋಡಿನ ಎಲೆಕ್ಟ್ರಾನಿಕ್ಸ್ ಅಂಗಡಿಯಲ್ಲಿ ಒಂದು ಕಾಫಿಯ ದುಡ್ಡಿಗೆ ಸಿಕ್ಕವು. ಅಂದಿನಿಂದ ಟ್ಯೂಬ್ ದೇವರ ಮುಂದಿನ ದೀಪದ ಹಾಗೆ ನಿಂತು ಉರಿಯುತ್ತಿದೆ.

ಇದನ್ನು ಓದಿ ಯಾರಾದರೂ ಅಂಥ ಡಬ್ಬಿ ಬಿಚ್ಚೋದಾದರೆ ಒಂದು ಮಾತು. ಟ್ಯೂಬ್ ಉರಿಯುವಾಗಲೇ ಸಾವಿರಕ್ಕೂ ಜಾಸ್ತಿ ವೋಲ್ಟ್ ಇರುತ್ತದೆ, ಹೊತ್ತಿಸುವಾಗ ಅದರ ಹಲವು ಪಟ್ಟು. ಪ್ಲಗ್ ಕಿತ್ತ ಮೇಲೂ ಕೆಪಾಸಿಟರ್‌ಗಳಲ್ಲಿ ಚಾರ್ಜ್ ಉಳಿದಿರುತ್ತದೆ. ರೆಸಿಸ್ಟರ್ ಮೂಲಕ ಅದನ್ನು ಖಾಲಿ ಮಾಡಿ ಆಮೇಲೆ ಕೈ ಹಾಕಿ. ಬೆಳಕಿನ ವಿಷಯಕ್ಕೂ ಅಷ್ಟೇ. 5 ಮಿಲಿವ್ಯಾಟ್ ಅಂದರೆ ಕಣ್ಣಿಗೆ ಬೀಳಬಾರದ ಬೆಳಕು. ಗಾಜಿನಿಂದ ಚಿಮ್ಮುವ ಕಿರಣಗಳಿಗೆಲ್ಲ ಕಪ್ಪು ಕಾಗದದ ಅಡ್ಡ ಕಟ್ಟಿದ್ದೇನೆ. ಉಂಗುರ, ವಾಚು ಬಿಚ್ಚಿಟ್ಟೇ ಕೂರುತ್ತೇನೆ. ಕೂತಾಗ ಕಣ್ಣು ಕಿರಣದ ಎತ್ತರಕ್ಕೆ ಬರದ ಹಾಗೆ ಮೇಜು ತಗ್ಗಿಸಿದ್ದೇನೆ.

ಇದೆಲ್ಲ ಕೂರೋಕೆ ಅಲುಗಾಡದ ಹಲಗೆ ಬೇಕು. ಅಡುಗೆಮನೆ ಕಟ್ಟೆಗೆ ಹಾಕಿ ಮಿಕ್ಕಿದ್ದ ಗ್ರಾನೈಟ್ ತುಂಡೊಂದು ಮೆಟ್ಟಿಲ ಕೆಳಗಿತ್ತು. ಅದನ್ನು ಅರ್ಧ ಗಾಳಿ ತುಂಬಿದ ಸ್ಕೂಟರ್ ಟ್ಯೂಬಿನ ಮೇಲೆ ಕೂರಿಸಿದೆ. ಮೇಲೆ ಲೇಸರ್, ಕಿರಣ ಸೀಳುವ ಗಾಜು, ಒಂದು ಕನ್ನಡಿ, ಕೊನೆಗೆ 200 ಮಿ.ಮೀ. ಫೋಕಸ್‌ನ ಲೆನ್ಸ್. 30 ಮಿ.ಮೀ. ಅಂತರದಲ್ಲಿ ಸಮಾನಾಂತರವಾಗಿ ಬಂದ ಎರಡು ಕಿರಣಗಳನ್ನು ಲೆನ್ಸ್ ಸುರಂಗದ ನಡುವಿಗೆ ಬಾಗಿಸುತ್ತದೆ.

ಪಟ್ಟೆ ಮೂಡಿದೆಯಾ ಅಂತ ನೋಡುವ ಬಗೆ ನನಗೆ ಬಹಳ ಇಷ್ಟ. ಕಿರಣಗಳು ಕೂಡುವ ಜಾಗಕ್ಕೆ ಹಳೆ ಮೈಕ್ರೋಸ್ಕೋಪಿನ 40 ಪಟ್ಟಿನ ಆಬ್ಜೆಕ್ಟಿವ್ ಹಿಡಿದು, ಕೋಣೆಯ ದೀಪ ಆರಿಸಿದೆ. ಎದುರು ಗೋಡೆಯ ಮೇಲೆ ಕೆಂಪು ಬೆಳಕಿನ ತಟ್ಟೆ ಬಿತ್ತು. ಅದರ ತುಂಬ ಕೆಲವು ಮಿ.ಮೀ. ಅಂತರದ ಗೆರೆಗಳು, ರೂಲ್ಡ್ ಪುಸ್ತಕದ ಹಾಳೆಯ ಹಾಗೆ. ಉಸಿರು ಬಿಗಿಹಿಡಿದು ನೋಡುತ್ತಿದ್ದೆ. ಅಷ್ಟರಲ್ಲಿ ಕೆಳಗೆ ಅಮ್ಮ ಚಟ್ನಿಗೆ ಮಿಕ್ಸಿ ಹಾಕಿದರು. ಗೆರೆಗಳೆಲ್ಲ ನಡುಗಿ ಕಲಸಿಹೋದವು. ಮಿಕ್ಸಿ ನಿಂತಿತು, ಗೆರೆಗಳು ವಾಪಸ್ ಬಂದವು. ಅಡುಗೆ ಹೊತ್ತಿನಲ್ಲಿ ಕೆಲಸ ಆಗೋದಿಲ್ಲ ಅಂದುಕೊಂಡೆ. ಅದು ನನ್ನ ಅನಗತ್ಯ ಚಿಂತೆ. ಮಿಕ್ಸಿಯ ನಡುಕ ಸೆಕೆಂಡಿಗೆ ಕೆಲವು ನೂರು ಸಲ. ಕಣ ಮಿನುಗುವುದು 20 ಲಕ್ಷ ಸಲ. ಕಣ ದಾಟಿ ಹೋಗುವಷ್ಟರಲ್ಲಿ ಕನ್ನಡಿಗೆ ಅಲುಗಾಡಲು ಹೊತ್ತೇ ಇರುವುದಿಲ್ಲ.

ಪಟ್ಟೆಯ ಅಂತರ ಗೊತ್ತಾಗಬೇಕಾದರೆ ಕಿರಣಗಳ ನಡುವಿನ ಕೋನ ಬೇಕು. ಅದಕ್ಕೆ ಬೇಕಾದದ್ದು ಒಂದು ಟೇಪು ಮಾತ್ರ. ಕಿರಣಗಳು ಕೂಡಿದ ಮೇಲೆ ಬೇರೆಯಾಗಿ ಎದುರು ಗೋಡೆಗೆ ಬೀಳುತ್ತವೆ. ಕೂಡಿದ ಜಾಗದಿಂದ ಗೋಡೆಗೆ 4 ಮೀಟರ್ ದೂರ. ಗೋಡೆಯ ಮೇಲೆ ಎರಡು ಚುಕ್ಕೆಗಳ ನಡುವೆ 60 ಸೆಂ.ಮೀ. ಅಂದರೆ ಅರ್ಧ ಕೋನ 4.29 ಡಿಗ್ರಿ. ಲೇಸರಿನ ತರಂಗಾಂತರ 632.8 ನ್ಯಾನೋಮೀಟರ್. ಅದನ್ನು ಅರ್ಧ ಕೋನದ ಸೈನ್‌ನ ಎರಡರಷ್ಟರಿಂದ ಭಾಗಿಸಿದರೆ 4.23 ಮೈಕ್ರೋಮೀಟರ್. ಕಿರಣ ಅಲ್ಲಿ 0.2 ಮಿ.ಮೀ. ದಪ್ಪ ಇರುವುದರಿಂದ ಒಟ್ಟು 47 ಪಟ್ಟೆ. ಗಾಳಿಯ ಒತ್ತಡ ಎಷ್ಟು, ಬಿಸಿ ಎಷ್ಟು, ಯಾವುದೂ ಈ ಲೆಕ್ಕದಲ್ಲಿ ಇಲ್ಲ. ಈ ಮಾತು ನೆನಪಿರಲಿ, ಮುಂದೆ ಬೇಕಾಗುತ್ತದೆ.

ಮಿನುಗು ಹಿಡಿಯುವ ಸರ್ಕೀಟಿನಲ್ಲಿ ನಾನು ಮಾಡಿದ್ದು ಶುದ್ಧ ಪೆದ್ದುತನ. ಬೆಳಕನ್ನು ಕರೆಂಟಾಗಿಸೋಕೆ ಕೈಗೆ ಸಿಕ್ಕ ಬಿಪಿಡಬ್ಲ್ಯು34 ಫೋಟೋಡಯೋಡ್, ಡಬ್ಬಿಯಲ್ಲಿದ್ದ ಟಿಎಲ್072 ಆಂಪ್ಲಿಫೈಯರ್, ಫೀಡ್‌ಬ್ಯಾಕಿಗೆ 1 ಮೆಗಾ ಓಮ್. ಸಿಗ್ನಲ್ ಚಿಕ್ಕದು, ಗೇನ್ (ಅದನ್ನು ಹಿಗ್ಗಿಸುವ ಪಟ್ಟು) ಜಾಸ್ತಿ ಇರಲಿ ಅನ್ನುವ ದುರಾಸೆ. ಫ್ಯಾನ್ ಆರಿಸಿ, ಹೊಗೆ ತೇಲಿಬಿಟ್ಟರೆ ಚೆನ್ನಾಗಿ ಕಾಣುತ್ತಿತ್ತು. ಫ್ಯಾನ್ ಹಾಕಿದ ಕೂಡಲೇ ಮಾಯ. ರೆಗ್ಯುಲೇಟರ್ ಇಳಿಸಿದರೆ ಪ್ರತ್ಯಕ್ಷ, ಏರಿಸಿದರೆ ಮತ್ತೆ ಮಾಯ. ಗಾಳಿ ಹೊಗೆಯನ್ನು ತೆಳುಮಾಡುತ್ತಿದೆ ಅಂತ ಭಾವಿಸಿ ಹೊಗೆ ಹೆಚ್ಚಿಸುತ್ತಾ ಹೋದೆ. ತೊಂದರೆ ಹೊಗೆಯದ್ದಲ್ಲ. ಆ ಸರ್ಕೀಟು 100 ಕಿಲೋಹರ್ಟ್ಸ್, ಅಂದರೆ ಸೆಕೆಂಡಿಗೆ ಒಂದು ಲಕ್ಷ ಮಿನುಗು, ದಾಟಿದರೆ ಕೈ ಎತ್ತುತ್ತಿತ್ತು. ವೇಗದ ಲೆಕ್ಕದಲ್ಲಿ ಅದು ಸೆಕೆಂಡಿಗೆ 42 ಸೆಂ.ಮೀ. ಮಾತ್ರ. ನನಗೆ ಬೇಕಾದದ್ದು 20 ಪಟ್ಟು. ಆಮೇಲೆ ಒಪಿಎ656 ಅನ್ನುವ ವೇಗದ ಆಂಪ್ಲಿಫೈಯರ್ ತರಿಸಿ, ಫೀಡ್‌ಬ್ಯಾಕನ್ನು 100 ಕಿಲೋ ಓಮಿಗೆ ಇಳಿಸಿ, ಡಯೋಡಿಗೆ 12 ವೋಲ್ಟ್ ಹಿಮ್ಮುಖ ಬಯಾಸ್ ಕೊಟ್ಟೆ. ಗೇನ್ ಹತ್ತರಲ್ಲೊಂದು ಪಾಲಾಯಿತು, ಆದರೆ ಮೆಗಾಹರ್ಟ್ಸ್ ಸಿಕ್ಕಿತು. ಡಯೋಡನ್ನು ಸುರಂಗದ ಆಚೆ ಬದಿಗೆ ಇಟ್ಟಿದ್ದೂ ನೆರವಾಯಿತು. ಕಣಗಳು ಬೆಳಕನ್ನು ಹಿಂದಕ್ಕಿಂತ ಮುಂದಕ್ಕೆ ನೂರಾರು ಪಟ್ಟು ಜಾಸ್ತಿ ಚದುರಿಸುತ್ತವೆ. ಎರಡು ನೇರ ಕಿರಣಗಳಿಗೆ ಕಪ್ಪು ಟೇಪಿನ ಅಡ್ಡ ಹಾಕಿದರೆ ಆಯಿತು.

ಹೊಗೆಯ ಕಥೆ ಬೇರೆ. ಮೈಸೂರು ಊದುಬತ್ತಿ ಹಚ್ಚಿ ಶುರು ಮಾಡಿದೆ. ಪರಿಮಳಕ್ಕೆ ಹತ್ತಕ್ಕೆ ಹತ್ತು, ಸಿಗ್ನಲಿಗೆ ಮೂರು. ಊದುಬತ್ತಿ ಹೊಗೆಯ ಕಣ ತುಂಬ ಸಣ್ಣದು, ಮೈಕ್ರೋಮೀಟರಿನ ಮೂರನೇ ಒಂದು ಭಾಗಕ್ಕೂ ಕಡಿಮೆ. ಬೆಳಕು ಚದುರಿಸೋಕೆ ಮೈ ಸಾಲದು. ಸಾಲದ್ದಕ್ಕೆ ಗಾಜಿನ ಮೇಲೆ ಹಳದಿ ಜಿಡ್ಡು. ಆಗ ಹೊಳೆದದ್ದು ಮದುವೆ ರಿಸೆಪ್ಷನ್‌ನಲ್ಲಿ ಹುಡುಗ-ಹುಡುಗಿ ಬರುವಾಗ ಮೋಡ ಬಿಡುತ್ತಾರಲ್ಲ, ಆ ಫಾಗ್ ಮೆಷಿನ್. ಡೆಕೊರೇಶನ್ ಅಂಗಡಿಯಲ್ಲಿ ಬಾಡಿಗೆಗೆ ಸಿಕ್ಕಿತು. ಅದರ ಹನಿಗಳು ಹೆಚ್ಚುಕಡಿಮೆ 1 ಮೈಕ್ರೋಮೀಟರ್. ಅಂಥ ಹನಿ ಗಾಳಿಯ ವೇಗ ಬದಲಾದರೆ ಸೆಕೆಂಡಿನ ಹತ್ತು ಲಕ್ಷದಲ್ಲಿ ಮೂರು ಭಾಗದಷ್ಟು ಹೊತ್ತಿನಲ್ಲಿ ಹೊಂದಿಕೊಳ್ಳುತ್ತದೆ. ಅಂದರೆ ಹನಿಯ ವೇಗವೇ ಗಾಳಿಯ ವೇಗ ಅನ್ನಲು ಅಡ್ಡಿಯಿಲ್ಲ. ಹನಿ 10 ಮೈಕ್ರೋಮೀಟರ್ ಇದ್ದಿದ್ದರೆ ಅದರ ನೂರರಷ್ಟು ಹೊತ್ತು ಹಿಡಿಯುತ್ತಿತ್ತು. ಕೋಣೆಯನ್ನೇ ಮಂಜಿನಿಂದ ತುಂಬಿ ಐದು ನಿಮಿಷ ಬಿಟ್ಟು ಫ್ಯಾನ್ ಹಾಕೋದು ನನ್ನ ಪದ್ಧತಿ. ಮೊದಲ ದಿನ ಕಿಟಕಿಯಿಂದ ಮೋಡ ಹೊರಟಿದ್ದು ನೋಡಿ ಪಕ್ಕದ ಮನೆ ಆಂಟಿ ಓಡಿ ಬಂದರು. "ಮನೇಲಿ ಹೋಮ ಏನಾದ್ರೂ ಇಟ್ಕೊಂಡಿದ್ರಾ? ಕರೀಲೇ ಇಲ್ಲ!"

ಆ ಸಂಜೆ ಆಸಿಲೋಸ್ಕೋಪಿನಲ್ಲಿ, ಅಂದರೆ ಸಿಗ್ನಲನ್ನು ಅಲೆಯಾಗಿ ತೋರಿಸುವ ಪರದೆಯಲ್ಲಿ, ಮೊದಲ ಬರ್ಸ್ಟ್ (ಒಂದು ಕಣ ದಾಟಿದಾಗಿನ ಮಿನುಗು) ಬಂತು. ನಡುವೆ ದಪ್ಪ, ಎರಡೂ ತುದಿ ಚೂಪು, ನೂಲಿನ ಕದಿರಿನ ಆಕಾರ. ಅದರೊಳಗೆ ನಲವತ್ತಕ್ಕೂ ಹೆಚ್ಚು ಅಲೆಗಳು. ಒಂದೊಂದು ಬರ್ಸ್ಟ್ ಇರುವುದು 23 ಮೈಕ್ರೋಸೆಕೆಂಡ್. ಪೈಥಾನ್‌ನಲ್ಲಿ ಎಫ್‌ಎಫ್‌ಟಿ (ಅಲೆಯಲ್ಲಿ ಯಾವ ಆವರ್ತನ ಎಷ್ಟಿದೆ ಅಂತ ಬಿಡಿಸುವ ಲೆಕ್ಕ) ಹಾಕಿದರೆ 2 ಮೆಗಾಹರ್ಟ್ಸಿನ, ಅಂದರೆ ಸೆಕೆಂಡಿಗೆ 20 ಲಕ್ಷದ, ಹತ್ತಿರ ಒಂದು ಶಿಖರ. ಬರ್ಸ್ಟ್ ಇಷ್ಟು ಚಿಕ್ಕದಾದ್ದರಿಂದ ಶಿಖರ ಸ್ವಲ್ಪ ಅಗಲ. ಅದರ ತುದಿಗೆ ಗಂಟೆಯಾಕಾರದ ಗಾಸಿಯನ್ ವಕ್ರರೇಖೆ ಹೊಂದಿಸಿ, ಐನೂರು ಬರ್ಸ್ಟ್‌ಗಳ ಸರಾಸರಿ ತೆಗೆದೆ. 2.03 ಮೆಗಾಹರ್ಟ್ಸ್.

ಪಿಟೋ ಕೊಳವೆಯನ್ನೂ ಅಲ್ಲೇ ಇಟ್ಟೆ. ಅದರ ಮಾಪಕ ಓರೆಯಾಗಿ ಇಟ್ಟ ಒಂದು ಗಾಜಿನ ನಳಿಗೆ, ಒಳಗೆ ಕೆಂಪು ಬಣ್ಣ ಕಲಸಿದ ನೀರು. ಹತ್ತಕ್ಕೆ ಒಂದು ಇಳಿಜಾರು. ನೀರು ನಳಿಗೆಯಲ್ಲಿ 40 ಮಿ.ಮೀ. ಸರಿಯಿತು, ಅಂದರೆ ನೆಟ್ಟಗೆ 4 ಮಿ.ಮೀ., 39.2 ಪಾಸ್ಕಲ್. ಮಂಗಳೂರಿನ ಗೆಳೆಯ ಕೊಟ್ಟಿದ್ದ ಎಕ್ಸೆಲ್ ಶೀಟಿಗೆ ಅದನ್ನು ತುಂಬಿದೆ. 8.00. ಲೇಸರಿನದು ಆಗ 8.6ರ ಹತ್ತಿರ.

ಹಳೆಯದನ್ನು ನಂಬಿ ಹೊಸದನ್ನು ಅನುಮಾನಿಸೋದು ನಮ್ಮ ಬುದ್ಧಿ. ಕೋನ ಮತ್ತೆ ಅಳೆದೆ. ಲೆನ್ಸ್ ಬಿಚ್ಚಿದೆ. ಆಸಿಲೋಸ್ಕೋಪಿನ ಗಡಿಯಾರವನ್ನೂ ಬಿಡಲಿಲ್ಲ. ಕೊನೆಗೆ ವೇಗ ಗೊತ್ತಿರುವ ಏನನ್ನಾದರೂ ಲೇಸರಿಗೆ ತೋರಿಸೋಣ ಅನ್ನಿಸಿತು. ಖಾಲಿ ಸಿಡಿಗಳ ಕಟ್ಟಿನ ಮೇಲೆ ಬಣ್ಣವಿಲ್ಲದ ಪಾರದರ್ಶಕ ತಟ್ಟೆಯೊಂದು ಬರುತ್ತಿತ್ತು, ನೆನಪಿದೆಯಾ? ಅದನ್ನು ಮೋಟರಿಗೆ ಅಂಟಿಸಿ ಬೆರಳಿನಿಂದ ಸ್ವಲ್ಪ ಧೂಳು ಸವರಿದೆ. ನಿಮಿಷಕ್ಕೆ 1500 ಸುತ್ತು, ಕೇಂದ್ರದಿಂದ 50 ಮಿ.ಮೀ. ದೂರ. ಅಲ್ಲಿಯ ಧೂಳಿನ ವೇಗ ಸೆಕೆಂಡಿಗೆ 7.85 ಮೀಟರ್, ಚರ್ಚೆಯೇ ಇಲ್ಲ. ಲೇಸರ್ ಕೊಟ್ಟಿದ್ದು 1.848 ಮೆಗಾಹರ್ಟ್ಸ್. ತಿರುಗಿಸಿ ಲೆಕ್ಕ ಹಾಕಿದರೆ ಪಟ್ಟೆಯ ಅಂತರ 4.25. ಟೇಪು ಹಿಡಿದು ಕಂಡುಕೊಂಡದ್ದು 4.23. ಅರ್ಧ ಶೇಕಡಾ ವ್ಯತ್ಯಾಸ. ಹೊಸ ಅಂಕಿ ಹಾಕಿದರೆ ಗಾಳಿಯ ವೇಗ 8.64 ಆಯಿತು. ಪಿಟೋದಿಂದ ಇನ್ನೂ ದೂರ ಹೋಯಿತು!

ಇಷ್ಟಾದ ಮೇಲೂ ನಾನು ಪಿಟೋ ಕೊಳವೆಯನ್ನು ಕೇಳಲಿಲ್ಲ ನೋಡಿ. ಕೋಣೆಯ ಬಿಸಿ ಇರಬಹುದಾ ಅಂತ ಹೊಸ ಥರ್ಮಾಮೀಟರ್ ತಂದೆ. ಅದು ಸರಿಯಿದೆಯಾ ಅಂತ ನೋಡೋಕೆ, ಅಮ್ಮ ಡಿಕಾಕ್ಷನ್‌ಗೆ ಇಟ್ಟಿದ್ದ ಕುದಿಯುವ ನೀರಿಗೆ ಅದ್ದಿದೆ. 97 ತೋರಿಸಿತು. ನೀರು ತಳಮಳ ಕುದಿಯುತ್ತಿದೆ, ಅಂಕಿ 97 ಬಿಟ್ಟು ಮೇಲೇರುತ್ತಿಲ್ಲ. "ಇದೂ ಸುಳ್ಳು ಹೇಳುತ್ತೆ" ಅಂತ ಬೈದುಕೊಂಡು ಹೊರಗೆ ತೆಗೆದವನು ಅಲ್ಲೇ ನಿಂತೆ. ಸುಳ್ಳಲ್ಲ. ಬೆಂಗಳೂರು ಸಮುದ್ರಮಟ್ಟದಿಂದ 900 ಮೀಟರಿಗೂ ಎತ್ತರದಲ್ಲಿದೆ. ಇಲ್ಲಿ ನೀರು 97ಕ್ಕೇ ಕುದಿಯುತ್ತದೆ, ಗಾಳಿ ತೆಳು ಇರುವುದಕ್ಕೆ.

ಗ್ಯಾಸ್ ಆರಿಸೋದನ್ನೂ ಮರೆತು ಮೇಲೆ ಓಡಿದೆ. ಎಕ್ಸೆಲ್ ಶೀಟಿನ ಒಂದು ಮೂಲೆಯ ಕೋಶದಲ್ಲಿ ಗಾಳಿಯ ಸಾಂದ್ರತೆ ಕೂತಿತ್ತು. 1.225. ಅದು ಸಮುದ್ರಮಟ್ಟದಲ್ಲಿ, 15 ಡಿಗ್ರಿ ಬಿಸಿಯಲ್ಲಿ, ಪಠ್ಯಪುಸ್ತಕದ ಗಾಳಿ. ನನ್ನ ಕೋಣೆಯಲ್ಲಿ ಒತ್ತಡ 910 ಹೆಕ್ಟೊಪಾಸ್ಕಲ್, ಬಿಸಿ 27 ಡಿಗ್ರಿ. ಲೆಕ್ಕ ಹಾಕಿದರೆ ಘನಮೀಟರಿಗೆ 1.057 ಕೆ.ಜಿ. ಪಿಟೋ ಕೊಳವೆ ವೇಗವನ್ನು ಅಳೆಯೋದೇ ಇಲ್ಲ, ಒತ್ತಡವನ್ನು ಅಳೆಯುತ್ತದೆ. ವೇಗ ಬೇಕೆಂದರೆ ಸಾಂದ್ರತೆಯನ್ನು ನಾವೇ ಹೇಳಬೇಕು. ಕೋಶದಲ್ಲಿ 1.057 ಹಾಕಿ ಎಂಟರ್ ಒತ್ತಿದೆ. 8.61.

ಗೆಳೆಯನಿಗೆ ಫೋನ್ ಮಾಡಿದೆ. "ನಿನ್ನ ಊರು ಬೆಟ್ಟದ ಮೇಲಿದ್ರೆ ನಾನೇನು ಮಾಡ್ಲಿ ಮಾರಾಯ?" ಅಂದ. ಆದರೆ ಅವನ ಊರಿಗೂ ಆ ಅಂಕಿ ಪೂರ್ತಿ ಸರಿಯಿಲ್ಲ. ಮಂಗಳೂರಿನ 30 ಡಿಗ್ರಿ ಸೆಕೆಗೆ 1.16ರ ಹತ್ತಿರ ಬರುತ್ತದೆ, ವೇಗದಲ್ಲಿ ಮೂರು ಶೇಕಡಾ ತಪ್ಪು. ಹೇಳಿದೆ. ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ "ಹೊಸ ಶೀಟ್ ಕಳಿಸು" ಅಂದ.

ಈಗ ಲೇಸರಿನ ಸುಳ್ಳು ಹೇಳುತ್ತೇನೆ. ಸುರಂಗದ ನಡುವೆ 20 ಮಿ.ಮೀ.ನ ವೈರಿಂಗ್ ಪೈಪ್ ಅಡ್ಡಲಾಗಿ ಇಟ್ಟು, ಅದರ ಹಿಂದೆ ಒಂದು ಸೆಂ.ಮೀ. ದೂರದಲ್ಲಿ ಅಳೆದೆ. ಎಲ್ಲ ಬರ್ಸ್ಟ್‌ಗಳೂ ಮುಂದಕ್ಕೆ ಹರಿಯುವ ಗಾಳಿಯನ್ನೇ ತೋರಿಸಿದವು. ಅಲ್ಲಿ ಗಾಳಿ ಹಿಂದಕ್ಕೆ ಸುಳಿಯಲೇಬೇಕು. ಸ್ವೆಟರಿನ ಉಣ್ಣೆ ದಾರದ ಎಳೆಯೊಂದನ್ನು ಪೈಪಿನ ಹಿಂದೆ ಕಟ್ಟಿದೆ. ದಾರ ಪದೇಪದೇ ಪೈಪಿನ ಕಡೆಗೇ ತಿರುಗುತ್ತಿತ್ತು. ಕಣ ಪಟ್ಟೆಗಳನ್ನು ಎಡದಿಂದ ದಾಟಲಿ, ಬಲದಿಂದ ದಾಟಲಿ, ಮಿನುಗುವುದು ಒಂದೇ ಥರ. ಲೇಸರಿಗೆ ದಿಕ್ಕು ಗೊತ್ತಿಲ್ಲ. ಅದರ ಮೇಲೆ ನನ್ನ ಫಿಲ್ಟರ್ 200 ಕಿಲೋಹರ್ಟ್ಸಿಗಿಂತ ಕೆಳಗಿನದನ್ನೆಲ್ಲ ಕತ್ತರಿಸುತ್ತದೆ, ಹಾಗಾಗಿ ಸೆಕೆಂಡಿಗೆ 85 ಸೆಂ.ಮೀ.ಗಿಂತ ನಿಧಾನದ ಗಾಳಿ ಲೆಕ್ಕಕ್ಕೇ ಬರುವುದಿಲ್ಲ.

ದೊಡ್ಡ ಲ್ಯಾಬುಗಳಲ್ಲಿ ಇದಕ್ಕೆ ಬ್ರಾಗ್ ಸೆಲ್ ಅನ್ನುವ ಹರಳು ಹಾಕುತ್ತಾರೆ. ಅದು ಒಂದು ಕಿರಣದ ಆವರ್ತನವನ್ನು ಸಾಮಾನ್ಯವಾಗಿ 40 ಮೆಗಾಹರ್ಟ್ಸ್ ಸರಿಸುತ್ತದೆ. ಆಗ ಪಟ್ಟೆಗಳೇ ಒಂದು ಕಡೆಗೆ ಓಡುತ್ತಿರುತ್ತವೆ. ಎದುರು ಬಂದ ಕಣ ಜಾಸ್ತಿ ಮಿನುಗುತ್ತದೆ, ಜೊತೆಗೆ ಹೋದದ್ದು ಕಡಿಮೆ. ಸೆಕೆಂಡ್ ಹ್ಯಾಂಡ್ ಹರಳಿಗೆ ಕೇಳಿದ ಬೆಲೆಯಲ್ಲಿ ನನ್ನ ಸುರಂಗದಂಥವು ಆರು ಆಗುತ್ತವೆ. ಸದ್ಯಕ್ಕೆ ಫಾಗ್ ಮೆಷಿನ್ ವಾಪಸ್ ಕೊಟ್ಟು ಬಂದಿದ್ದೇನೆ, ಮದುವೆ ಸೀಸನ್ ಅಂತೆ. ಪೈಪ್ ಸುರಂಗದಲ್ಲೇ ಇದೆ, ದಾರವೂ ಇದೆ.